‘ಫಾಸ್ಟ್ ಕಾರ್’ ಹಿಟ್ ಆಗಿದ್ದು ಯಾರ ಲೆಕ್ಕಕ್ಕೆ?

ಖಾಲಿಕ್ಯಾಸೆಟ್

ನಮಸ್ಕಾರ. ಮನೆಯಲ್ಲಿ ಎರಡು ದಿನದಿಂದ ಒಂದು ಜಗಳ ನಡೆಯುತ್ತಿದೆ. ಪಂಚಾಯ್ತಿಗೆ ಇಲ್ಲಿಗೆ ತಂದಿದ್ದೇನೆ.

ನಾವಿರುವುದು ನಾರ್ತ್ ಕೆರೊಲಿನಾದಲ್ಲಿ. ಶನಿವಾರ ಸಾಮಾನು ತರಲು ಹೋಗಿದ್ದೆವು. ಬಿಲ್ಲಿಂಗ್ ಕೌಂಟರ್‌ನಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು. ಅಂಗಡಿಯ ಸ್ಪೀಕರ್‌ನಲ್ಲಿ ಅಮೆರಿಕದ ಹಳ್ಳಿಗಾಡಿನ ‘ಕಂಟ್ರಿ’ ಸಂಗೀತದ ಗಾಯಕ ಲ್ಯೂಕ್ ಕೋಂಬ್ಸ್ ಹಾಡಿದ ‘ಫಾಸ್ಟ್ ಕಾರ್’ ಬರುತ್ತಿತ್ತು. ಆಕೆ ಎಡಗೈಯಲ್ಲಿ ನಮ್ಮ ಕೊತ್ತಂಬರಿ ಕಟ್ಟು ಹಿಡಿದುಕೊಂಡು, ಬಲಗೈಯಲ್ಲಿ ಅದರ ನಂಬರ್ ಒತ್ತುತ್ತಾ, ತುಟಿಯೊಳಗೇ ಗುನುಗುತ್ತಿದ್ದರು. ಹಾಡಿನ ಹುಡುಗಿ ಅಂಗಡಿಯೊಂದರ ಬಿಲ್ಲಿಂಗ್ ಕೆಲಸಕ್ಕೆ ಸೇರಿದ ಸಾಲು ಬರುತ್ತದಲ್ಲ, ಅಲ್ಲಿ ಮಾತ್ರ ಗಟ್ಟಿಯಾಗಿ ಹಾಡಿದರು. ನಮ್ಮನ್ನು ನೋಡಿ, ‘ಇದು ನನ್ನ ಸಾಲು’ ಅಂತ ನಕ್ಕು ರಸೀದಿ ಕೊಟ್ಟರು.

ಕಾರಿಗೆ ಬಂದ ಮೇಲೆ ನಾನು, ‘ಲ್ಯೂಕ್ ಹಾಡು ಎಲ್ಲಿಯವರೆಗೆ ಮುಟ್ಟಿದೆ ನೋಡು’ ಅಂದೆ. ಅಷ್ಟೇ. ‘ಅದು ಲ್ಯೂಕ್ ಹಾಡಲ್ಲ, ಟ್ರೇಸಿ ಚಾಪ್‌ಮನ್ ಹಾಡು. 1988ರದ್ದು. ಇವರು ಹಾಡಿದ್ದಾರೆ, ಅಷ್ಟೇ’ ಅಂತ ನನ್ನ ಹೆಂಡತಿ ಶುರು ಮಾಡಿದಳು. ನಾನು, ‘ಕಂಟ್ರಿ ಚಾರ್ಟ್‌ನಲ್ಲಿ ಮೊದಲ ಸ್ಥಾನಕ್ಕೆ ಬಂದಿದ್ದು ಲ್ಯೂಕ್ ದನಿ ತಾನೇ’ ಅಂದೆ. ಮನೆ ಬರುವವರೆಗೂ ಅದೇ. ಕೊತ್ತಂಬರಿ ಕಾರಿನಲ್ಲೇ ಬಾಡಿತು.

ಈಗ ನೀವು ಹೇಳಿ. ಆ ಹಿಟ್ ಯಾರ ಲೆಕ್ಕಕ್ಕೆ?

ದಾವಣಗೆರೆಬೆಣ್ಣೆ

ಹೆಂಡತಿ ಲೆಕ್ಕಕ್ಕೆ. ಎಳೆ ಮುಚ್ಚಿ.

ಪಟ್ಟಿಪ್ರಿಯ

ಮುಚ್ಚಬೇಡಿ, ಈಗಷ್ಟೇ ಟೀ ಮಾಡಿಕೊಂಡು ಕೂತಿದ್ದೇನೆ.

ಮೊದಲು ಯಾವ ಚಾರ್ಟ್ ಅಂತ ಕೇಳಬೇಕು. ‘ಕಂಟ್ರಿ ಚಾರ್ಟ್’ ಅಂತ ಒಂದೇ ಒಂದು ಇಲ್ಲ. ಬಿಲ್‌ಬೋರ್ಡ್ ಅನ್ನುವ ಸಂಗೀತ ಪತ್ರಿಕೆ ವಾರವಾರ ನಡೆಸುವ ಮೂರು ಜನಪ್ರಿಯತೆಯ ಪಟ್ಟಿ ಇಲ್ಲಿ ಮುಖ್ಯ.

ಒಂದು, ಹಾಟ್ 100. 1958ರಿಂದ ಇದೆ. ಎಲ್ಲ ಬಗೆಯ ಹಾಡೂ ಇಲ್ಲಿ ಒಂದೇ ಅಖಾಡದಲ್ಲಿ. ಸ್ಟ್ರೀಮಿಂಗ್, ಮಾರಾಟ, ರೇಡಿಯೋ ಮೂರನ್ನೂ ಕೂಡಿಸುತ್ತಾರೆ. ಎರಡು, ಹಾಟ್ ಕಂಟ್ರಿ ಸಾಂಗ್ಸ್. 2012ರ ಅಕ್ಟೋಬರ್‌ನಿಂದ ಇದಕ್ಕೂ ಅದೇ ಮೂರರ ಲೆಕ್ಕ, ಆದರೆ ಕಂಟ್ರಿ ಅಂತ ಗುರುತಿಸಿದ ಹಾಡುಗಳಿಗೆ ಮಾತ್ರ. ಮೂರು, ಕಂಟ್ರಿ ಏರ್‌ಪ್ಲೇ. ಇದು ಪೂರಾ ರೇಡಿಯೋ. ಕಂಟ್ರಿ ಸ್ಟೇಷನ್‌ಗಳು ಆ ವಾರ ಏನು ಹಾಕಿದವು, ಎಷ್ಟು ಕಿವಿಗೆ ಬಿತ್ತು, ಅಷ್ಟೇ. ನೀವು ಮನೆಯಲ್ಲಿ ಫೋನಿನಲ್ಲಿ ಸಾವಿರ ಸಲ ಕೇಳಿದರೂ ಈ ಪಟ್ಟಿಗೆ ಒಂದು ಗುಂಜಿಯೂ ಸೇರುವುದಿಲ್ಲ.

ಲ್ಯೂಕ್ ಅವರ ‘ಫಾಸ್ಟ್ ಕಾರ್’ 2023ರ ಜುಲೈನಲ್ಲಿ ಕಂಟ್ರಿ ಏರ್‌ಪ್ಲೇಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಹಾಟ್ 100ರಲ್ಲಿ ಎರಡರವರೆಗೆ ಹೋಯಿತು. ಒಂದಕ್ಕೆ ಹತ್ತಲಿಲ್ಲ. ಮೇಲೆ ಮಾರ್ಗನ್ ವಾಲೆನ್ ಅವರ ‘ಲಾಸ್ಟ್ ನೈಟ್’ ಒಟ್ಟು 16 ವಾರ ಕೂತಿತ್ತು. ಏಳು ಅಂದರೆ ಏಳುವ ಗಿರಾಕಿ ಅಲ್ಲ ಅದು.

ಟ್ರೇಸಿ ಅವರ ಮೂಲ ಹಾಡು 1988ರಲ್ಲಿ ಹಾಟ್ 100ರ 6ನೇ ಸ್ಥಾನ ಮುಟ್ಟಿತ್ತು. ಅಂದರೆ 35 ವರ್ಷದ ಮೇಲೆ ಅದೇ ಹಾಡು ಇನ್ನೊಂದು ಗಂಟಲಿನಲ್ಲಿ ನಾಲ್ಕು ಮೆಟ್ಟಿಲು ಜಾಸ್ತಿ ಹತ್ತಿತು.

ಖಾಲಿಕ್ಯಾಸೆಟ್

ನೋಡಿ, ಲ್ಯೂಕ್ ಜಾಸ್ತಿ ಹತ್ತಿದ್ದಾರೆ. ನನ್ನ ಪಾಯಿಂಟ್ ಅದೇ.

ಕಪ್ಪುಕಾಫಿ

ಸ್ವಲ್ಪ ತಡೆಯಿರಿ. ನಿಮ್ಮ ಮನೆಯವರ ಪಾಯಿಂಟ್ ಇನ್ನೂ ಯಾರೂ ಮುಟ್ಟಿಲ್ಲ.

ಆ ಏರ್‌ಪ್ಲೇ ಪಟ್ಟಿ 1990ರಲ್ಲಿ ಶುರುವಾಯಿತು. ಅಲ್ಲಿಂದ 2023ರವರೆಗೆ ಕಪ್ಪು ಮಹಿಳೆ ತಾನು ಒಬ್ಬಳೇ ಬರೆದ ಹಾಡು ಅದರಲ್ಲಿ ಮೊದಲ ಸ್ಥಾನಕ್ಕೆ ಬಂದಿರಲಿಲ್ಲ. ‘ಫಾಸ್ಟ್ ಕಾರ್’ ಮೊದಲನೆಯದು. ಆ ದಾಖಲೆ ಲ್ಯೂಕ್ ಹೆಸರಿನಲ್ಲಿಲ್ಲ, ಟ್ರೇಸಿ ಹೆಸರಿನಲ್ಲಿದೆ.

ಪಟ್ಟಿಪ್ರಿಯ

‘ಒಬ್ಬಳೇ’ ಅನ್ನುವ ಪದ ಬಿಡದೆ ಹಾಕಿದ್ದಕ್ಕೆ ಧನ್ಯವಾದ ಮೇಡಂ. ಬಹಳ ಜನ ಅದನ್ನು ಬಿಟ್ಟು ತಪ್ಪು ಬರೆಯುತ್ತಾರೆ. ಜೊತೆಗೂಡಿ ಬರೆದ ಕಪ್ಪು ಮಹಿಳೆಯರು ಮೊದಲೇ ಇದ್ದರು. 1994ರಲ್ಲಿ ಟ್ರಿಷಾ ಇಯರ್‌ವುಡ್ ಹಾಡಿ ಮೊದಲ ಸ್ಥಾನಕ್ಕೆ ಬಂದ ಹಾಡೊಂದನ್ನು ಕಪ್ಪು ಲೇಖಕಿ ಆಲಿಸ್ ರಾಂಡಲ್ ಮತ್ತು ಮಟ್ರಾಕಾ ಬರ್ಗ್ ಸೇರಿ ಬರೆದಿದ್ದರು. ಅದಕ್ಕೂ ಮುಂಚೆ, ಏರ್‌ಪ್ಲೇ ಪಟ್ಟಿ ಇಲ್ಲದ ಕಾಲದಲ್ಲಿ, 1980ರಲ್ಲಿ ಡಾಲಿ ಪಾರ್ಟನ್ ಹಾಡಿದ ‘ಸ್ಟಾರ್ಟಿಂಗ್ ಓವರ್ ಅಗೇನ್’ ಕಂಟ್ರಿ ಪಟ್ಟಿಯ ಮೊದಲ ಸ್ಥಾನ ಹಿಡಿಯಿತು. ಅದನ್ನು ಬರೆದವರಲ್ಲಿ ಒಬ್ಬರು ಯಾರು ಗೊತ್ತಾ? ಡೋನಾ ಸಮ್ಮರ್. ಡಿಸ್ಕೋ ಡೋನಾ ಸಮ್ಮರ್! ಮುಂದೆ ಗಂಡನಾದ ಬ್ರೂಸ್ ಸುಡಾನೊ ಜೊತೆ ಬರೆದಿದ್ದು.

ದಾವಣಗೆರೆಬೆಣ್ಣೆ

ನಮ್ಮ ಅಪ್ಪನ ಹತ್ತಿರ ಡೋನಾ ಸಮ್ಮರ್ ಕ್ಯಾಸೆಟ್ ಇತ್ತು. ಆಕೆ ಕಂಟ್ರಿ ಬರೆದಿದ್ದಾರೆ ಅಂದ್ರೆ ನಂಬುವುದಿಲ್ಲ ಅವರು.

ಸುಮ್ನಿರಪ್ಪ

ನನಗೆ ಈ ಲ್ಯೂಕ್ ಹಾಡು ಯಾಕಿಷ್ಟು ದೊಡ್ಡದಾಯಿತು ಅಂತಲೇ ಅರ್ಥವಾಗುವುದಿಲ್ಲ. ಏನೂ ಬದಲಾಯಿಸಿಲ್ಲ. ಅದೇ ಗಿಟಾರ್, ಅದೇ ಮಾತು, ಅದೇ ಓಟ. ಸ್ಟುಡಿಯೋದಲ್ಲಿ ಮಾಡಿದ ಕ್ಯಾರಿಯೋಕೆ. 1988ರಲ್ಲಿ ಟ್ರೇಸಿ ಹಾಡಿದಾಗ ಕಂಟ್ರಿ ಸ್ಟೇಷನ್‌ಗಳು ಯಾಕೆ ಹಾಕಲಿಲ್ಲ? ಬಿಳಿ ಗಡ್ಡದ ಗಂಡಸು ಹಾಡಿದ ತಕ್ಷಣ ಕಂಟ್ರಿ ಆಗಿಬಿಟ್ಟಿತಾ?

ಟೆನೆಸಿಮಾವ

ಗಡ್ಡ ಬಿಳಿಯಲ್ಲಪ್ಪ, ಕೆಂಚು. ಅವರು ಹುಟ್ಟಿದ್ದು 1990ರಲ್ಲಿ. ಗಡ್ಡ ಬೆಳ್ಳಗಾಗುವ ವಯಸ್ಸಾಗಿಲ್ಲ.

ತಮಾಷೆ ಇರಲಿ. ನಿಮ್ಮ ಪ್ರಶ್ನೆ ಸರಿಯಾಗಿದೆ, ಕ್ಯಾರಿಯೋಕೆ ಅನ್ನುವುದು ಮಾತ್ರ ಒಪ್ಪಲಾರೆ. ನಾನು ಇಲ್ಲಿ ದಿನಾ ಕೆಲಸಕ್ಕೆ ನಲವತ್ತು ಮೈಲಿ ಗಾಡಿ ಓಡಿಸುತ್ತೇನೆ, ದಾರಿಯಲ್ಲೆಲ್ಲ ಕಂಟ್ರಿ ರೇಡಿಯೋ. ಆ ಬೇಸಿಗೆಯಲ್ಲಿ ಈ ಹಾಡು ಹೋಗುವಾಗ ಒಂದು ಸಲ, ಬರುವಾಗ ಎರಡು ಸಲ ಬರುತ್ತಿತ್ತು. ಪಿಕಪ್ಪು, ಬಿಯರು, ಕೆರೆ ದಂಡೆ ಅಂತ ಒಂದಾದ ಮೇಲೊಂದು ಹಾಡು. ಮಧ್ಯದಲ್ಲಿ ಇದು ಬಂದರೆ ಕಾರಿನೊಳಗೇ ಸದ್ದು ಕಡಿಮೆಯಾದ ಹಾಗೆ.

ಮಾತುಗಳನ್ನು ನೋಡಿ. ಅಪ್ಪ ಕುಡುಕ. ಅಮ್ಮ ಬಿಟ್ಟು ಹೋಗಿದ್ದಾಳೆ. ಹುಡುಗಿ ಸ್ಕೂಲು ಬಿಟ್ಟು ಅಪ್ಪನನ್ನು ನೋಡಿಕೊಳ್ಳುತ್ತಾಳೆ. ಗೆಳೆಯನ ಹತ್ತಿರ ಕಾರಿದೆ, ಅದರಲ್ಲಿ ಊರು ಬಿಡುತ್ತಾರೆ. ನಿರಾಶ್ರಿತರ ಶೆಲ್ಟರ್‌ನಲ್ಲಿ ಇರುತ್ತಾರೆ. ಅವಳು ಅಂಗಡಿಯಲ್ಲಿ ದುಡಿಯುತ್ತಾಳೆ. ಕೊನೆಗೆ ಆ ಗೆಳೆಯನೂ ಬಾರಿನಲ್ಲೇ ಕೂರುತ್ತಾನೆ, ಮಕ್ಕಳನ್ನೂ ನೋಡುವುದಿಲ್ಲ. ಅಪ್ಪನೇ ಇನ್ನೊಂದು ಮುಖ ಹಾಕಿಕೊಂಡು ಬಂದ ಹಾಗೆ. ಇದಕ್ಕಿಂತ ಕಂಟ್ರಿ ಕಥೆ ಬೇಕಾ? ಟ್ರೇಸಿ ಬರೆದ ದಿನದಿಂದಲೂ ಅದು ಕಂಟ್ರಿಯೇ. ಸ್ಟೇಷನ್‌ನವರು ಕಿವಿ ಕೊಟ್ಟಿರಲಿಲ್ಲ, ಅಷ್ಟೇ.

ಆರುತಂತಿ

ಸುಮ್ನಿರಪ್ಪ ಅವರೇ, ‘ಏನೂ ಬದಲಾಯಿಸಿಲ್ಲ’ ಅಂತ ನೀವು ದೂರುತ್ತಿದ್ದೀರಿ. ನನಗೆ ಅದೇ ಇಷ್ಟವಾಗಿದ್ದು. ಗಂಡಸು ಹಾಡುವಾಗ ಸಾಮಾನ್ಯವಾಗಿ ಏನು ಮಾಡುತ್ತಾರೆ? ‘ಹುಡುಗಿ’ ಇರುವ ಕಡೆ ‘ಹುಡುಗ’ ಅಂತ ತಿದ್ದುತ್ತಾರೆ. ಲ್ಯೂಕ್ ತಿದ್ದಲಿಲ್ಲ. ಅಂಗಡಿಯ ಬಿಲ್ಲಿಂಗ್ ಹುಡುಗಿ ತಾನೇ ಅನ್ನುವ ಹಾಗೆ ಆ ದಪ್ಪ ದನಿಯಲ್ಲಿ ಹಾಡಿದ್ದಾರೆ. ಖಾಲಿಕ್ಯಾಸೆಟ್ ಅವರು ಕಂಡ ಹೆಂಗಸಿಗೆ ‘ಇದು ನನ್ನ ಸಾಲು’ ಅನ್ನಲು ಆಗಿದ್ದು ಅದಕ್ಕೇ.

ಇನ್ನು ಗಿಟಾರ್. ಎರಡನೇ ಮನೆಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ. ಸಿ ಮೇಜರ್ ಸೆವೆನ್, ಜಿ, ಇ ಮೈನರ್, ಡಿ. ನಾಲ್ಕೇ ಕಾರ್ಡ್, ಅದೇ ಸುತ್ತು ಮತ್ತೆ ಮತ್ತೆ. ಕಲಿಯಲು ಬರುವ ಹುಡುಗರು ‘ಇಷ್ಟೇನಾ’ ಅಂತಾರೆ. ಬಾರಿಸಿದಾಗ ಗೊತ್ತಾಗುತ್ತದೆ. ತಂತಿಯನ್ನು ಒಮ್ಮೆ ಮೀಟಿ, ಆ ನಾದ ಇಳಿಯುವ ಮುಂಚೆ ಎಡಗೈ ಬೆರಳಿನಿಂದ ಬಡಿದು ಮುಂದಿನ ಸ್ವರ ಎಬ್ಬಿಸಬೇಕು. ಬೆರಳು ಅರೆಗಳಿಗೆ ತಡವಾದರೆ ಕಾರು ಕೆಟ್ಟು ನಿಂತ ಹಾಗೆ ಕೇಳಿಸುತ್ತದೆ. ಮೊದಲ ಕೋರಸ್, ಅಂದರೆ ಪಲ್ಲವಿ, ಬರುವ ಹೊತ್ತಿಗೆ ಒಂದೂವರೆ ನಿಮಿಷ ದಾಟಿರುತ್ತದೆ. ಅಲ್ಲಿಯವರೆಗೆ ಹಾಡು ಇದೇ ಚಿಕ್ಕ ಸುತ್ತಿನ ಮೇಲೆ ನಿಂತಿರುತ್ತದೆ. ಈಗಿನ ಕಾಲದಲ್ಲಿ ಯಾವ ಕಂಪನಿಯವರು ಒಪ್ಪುತ್ತಾರೆ ಹೇಳಿ! ಮೂವತ್ತು ಸೆಕೆಂಡಿಗೆ ಕೋರಸ್ ಬೇಕು ಅನ್ನುತ್ತಾರೆ.

ಹಳೇರೇಡಿಯೋ

ಮಕ್ಕಳಿರಾ, ಈ ಮುದುಕನದ್ದೂ ಒಂದಿರಲಿ.

1988ರ ಜೂನ್ 11. ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ನೆಲ್ಸನ್ ಮಂಡೇಲಾ ಅವರ 70ನೇ ಹುಟ್ಟುಹಬ್ಬಕ್ಕೆ ದೊಡ್ಡ ಸಂಗೀತ ಕಾರ್ಯಕ್ರಮ. ಮಂಡೇಲಾ ಆಗ ಇನ್ನೂ ಜೈಲಿನಲ್ಲಿದ್ದರು. ಹಲವಾರು ದೇಶಗಳಲ್ಲಿ ಟಿವಿಯಲ್ಲಿ ಬಂತು. ಟ್ರೇಸಿ ಮಧ್ಯಾಹ್ನವೇ ಹಾಡಿ ಮುಗಿಸಿದ್ದರು. ಸಂಜೆ ಸ್ಟೀವಿ ವಂಡರ್ ಅವರ ಸರದಿ. ವೇದಿಕೆ ಹತ್ತುವ ಹೊತ್ತಿಗೆ ನೋಡಿದರೆ ಅವರ ವಾದ್ಯದ ಹಾರ್ಡ್ ಡಿಸ್ಕ್ ಕಾಣೆ. ಸಂಗೀತವೆಲ್ಲ ಅದರಲ್ಲೇ ಇದ್ದಿದ್ದು. ಅವರು ಅಳುತ್ತಾ ವಾಪಸ್ ಹೋದರು. ಎದುರಿಗೆ ಅಷ್ಟು ದೊಡ್ಡ ಜನಸಾಗರ. ವೇದಿಕೆ ಖಾಲಿ ಬಿಡುವ ಹಾಗಿಲ್ಲ. ಆಗ ಟ್ರೇಸಿಯನ್ನು ಇನ್ನೊಂದು ಸಲ ಕಳಿಸಿದರು. ಒಂದು ಗಿಟಾರು, ಒಂದು ಮೈಕು, 24 ವರ್ಷದ ಹುಡುಗಿ. ‘ಫಾಸ್ಟ್ ಕಾರ್’ ಹಾಡಿದರು. ಆ ಬೇಸಿಗೆಯಲ್ಲಿ ಹಾಡು ಮೇಲೆ ಹೋಗಿದ್ದಕ್ಕೆ ಆ ಸಂಜೆ ದೊಡ್ಡ ಕಾರಣ.

ಅದೇ ವರ್ಷ ಅವರು ನಮ್ಮಲ್ಲಿಗೂ ಬಂದಿದ್ದರು, ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಸೆಪ್ಟೆಂಬರ್ 30, ದೆಹಲಿಯ ಜವಾಹರಲಾಲ್ ನೆಹರೂ ಸ್ಟೇಡಿಯಂ. ಮಾನವ ಹಕ್ಕುಗಳ ಘೋಷಣೆಗೆ 40 ವರ್ಷ ತುಂಬಿದ್ದಕ್ಕೆ ಆಮ್ನೆಸ್ಟಿ ಸಂಸ್ಥೆಯವರು ಲೋಕವೆಲ್ಲ ಸುತ್ತಿ ಮಾಡಿದ ಕಾರ್ಯಕ್ರಮ. ಸ್ಟಿಂಗ್, ಪೀಟರ್ ಗೇಬ್ರಿಯಲ್, ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಯೂಸು ಎನ್‌ಡೂರ್, ಟ್ರೇಸಿ. ನಾನು ಆಗ ದೆಹಲಿಯಲ್ಲಿ ಓದುತ್ತಿದ್ದೆ. ಹೋಗಿದ್ದು ಸ್ಪ್ರಿಂಗ್‌ಸ್ಟೀನ್‌ಗಾಗಿ, ಸುಳ್ಳು ಹೇಳುವುದಿಲ್ಲ. ಕೂತಿದ್ದು ತೀರಾ ಹಿಂದೆ. ಅಲ್ಲಿಂದ ಟ್ರೇಸಿ ಬೆಂಕಿಕಡ್ಡಿಯಷ್ಟು ಕಾಣುತ್ತಿದ್ದರು. ಬ್ಯಾಂಡ್ ಇಲ್ಲ, ಬಣ್ಣದ ಬಟ್ಟೆ ಇಲ್ಲ. ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ನನ್ನ ಧಾರವಾಡದ ಗೆಳೆಯ ‘ಈಕಿ ಒಬ್ಬಾಕೀನ ಏನ್ ಮಾಡ್ತಾಳ್ಲೇ?’ ಅಂದ. ಆಮೇಲೆ ಪೊಟ್ಟಣ ಹಾಗೇ ತೊಡೆ ಮೇಲೆ ಉಳಿಯಿತು.

ಮರುವಾರ ಕ್ಯಾಸೆಟ್ ಹುಡುಕಿ ತಂದೆ. ಈಗಲೂ ಇದೆ.

ಖಾಲಿಕ್ಯಾಸೆಟ್

ಸರ್, ಇದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ತಪ್ಪು ಮಾಡಿದೆ. ಈಗ ಅವಳ ಕಡೆ ಒಬ್ಬರು ಸಾಕ್ಷಿ ಸಿಕ್ಕ ಹಾಗಾಯಿತು.

ಸುಮ್ನಿರಪ್ಪ

ಹಳೇರೇಡಿಯೋ ಸರ್, ಹೊಟ್ಟೆಕಿಚ್ಚಾಯಿತು.

ಆದರೂ ನನ್ನ ಸಿಟ್ಟು ಇಳಿದಿಲ್ಲ. ಬರೆದವರು ಟ್ರೇಸಿ. ದುಡ್ಡು ಬಾಚಿದ್ದು ಲ್ಯೂಕ್. ಕೇಳಿ ಹಾಡಿದರಾ? ಒಪ್ಪಿಗೆ ಪಡೆದರಾ?

ಕಪ್ಪುಕಾಫಿ

ಇದು ನನ್ನ ಕೆಲಸದ ವಿಷಯ. ಸ್ವಲ್ಪ ಉದ್ದವಾಗುತ್ತದೆ, ತಡೆದುಕೊಳ್ಳಿ.

ಅಮೆರಿಕದಲ್ಲಿ ಒಂದು ಹಾಡು ಒಮ್ಮೆ ರೆಕಾರ್ಡ್ ಆಗಿ ಹೊರಬಂದರೆ ಆಮೇಲೆ ಯಾರು ಬೇಕಾದರೂ ಅದನ್ನು ಹಾಡಿ ರೆಕಾರ್ಡ್ ಮಾಡಬಹುದು. ಬರೆದವರ ಒಪ್ಪಿಗೆ ಬೇಕಿಲ್ಲ. ಕಾನೂನು ಗೊತ್ತುಮಾಡಿದ ದರದಲ್ಲಿ ದುಡ್ಡು ಕಟ್ಟಬೇಕು, ಅಷ್ಟೇ. 2023ರಲ್ಲಿ ಒಂದು ಸಿಡಿಗೋ ಡೌನ್‌ಲೋಡ್‌ಗೋ ಆ ದರ 12 ಸೆಂಟ್. ಅದಕ್ಕೆ ಮುಂಚೆ ಎಷ್ಟೋ ವರ್ಷ 9.1 ಸೆಂಟ್‌ನಲ್ಲೇ ನಿಂತಿತ್ತು. ಸ್ಟ್ರೀಮಿಂಗ್‌ಗೆ ಬೇರೆ ಲೆಕ್ಕ. ಒಂದು ಷರತ್ತಿದೆ. ಹಾಡಿನ ಮೂಲ ಸ್ವರೂಪವನ್ನು ಕೆಡಿಸುವ ಹಾಗಿಲ್ಲ. ಹಾಗಾಗಿ ‘ಏನೂ ಬದಲಾಯಿಸಿಲ್ಲ’ ಅನ್ನುವುದು ಕಾನೂನಿನ ಕಣ್ಣಿಗೂ ಒಳ್ಳೆಯ ಗುಣವೇ.

ಆದರೆ ಇನ್ನೊಬ್ಬರ ಹಾಡಿನ ತುಂಡನ್ನು ಎತ್ತಿ ನಿಮ್ಮ ಹಾಡಿನೊಳಗೆ ಸೇರಿಸಬೇಕು ಅಂದರೆ ಒಪ್ಪಿಗೆ ಬೇಕೇ ಬೇಕು. ಟ್ರೇಸಿ ಈ ವಿಷಯದಲ್ಲಿ ಬಹಳ ಗಟ್ಟಿ. ರಾಪ್ ಗಾಯಕಿ ನಿಕಿ ಮಿನಾಜ್ ಅವರು ತಮ್ಮ ಒಂದು ಹಾಡಿನಲ್ಲಿ ಟ್ರೇಸಿ ಅವರ ‘ಬೇಬಿ ಕ್ಯಾನ್ ಐ ಹೋಲ್ಡ್ ಯು’ ಬಳಸಲು ಕೇಳಿದಾಗ ಇವರು ಒಪ್ಪಲಿಲ್ಲ. ಆಮೇಲೆ ಆ ಹಾಡು ರೇಡಿಯೋದಲ್ಲಿ ಬಂತು. 2018ರಲ್ಲಿ ಟ್ರೇಸಿ ಕೋರ್ಟಿಗೆ ಹೋದರು. 2021ರಲ್ಲಿ 4,50,000 ಡಾಲರ್‌ಗೆ ಮುಗಿಯಿತು. ಸುಮ್ನೆ ಬಿಡುವವರಲ್ಲ ಅವರು. ಲ್ಯೂಕ್ ಮಾಡಿದ್ದು ಹಿಡಿಸದಿದ್ದರೆ ನಮಗೆ ಗೊತ್ತಾಗುತ್ತಿತ್ತು. ಅವರು ಬಿಲ್‌ಬೋರ್ಡ್‌ಗೆ ಹೇಳಿದ್ದು ಬೇರೆಯೇ: ಕಂಟ್ರಿ ಪಟ್ಟಿಯಲ್ಲಿ ತನ್ನ ಹೆಸರು ಬರುತ್ತದೆ ಅಂತ ಎಂದೂ ಎಣಿಸಿರಲಿಲ್ಲ, ಅದೊಂದು ಗೌರವ, ಲ್ಯೂಕ್ ಬಗ್ಗೆ ಖುಷಿಯಿದೆ ಅಂತ.

ಈಗ ದುಡ್ಡಿಗೆ ಬನ್ನಿ. ಇಲ್ಲಿ ಜನ ಪೂರಾ ತಲೆಕೆಳಗಾಗಿ ತಿಳಿದಿದ್ದಾರೆ. ಅಮೆರಿಕದ ಎಎಂ, ಎಫ್‌ಎಂ ರೇಡಿಯೋ ಹಾಡಿದವರಿಗೆ ಕಾಸು ಕೊಡುವುದಿಲ್ಲ. ಬರೆದವರಿಗೆ, ಅವರ ಪ್ರಕಾಶಕರಿಗೆ ಮಾತ್ರ ಕೊಡುತ್ತದೆ. ಟೆನೆಸಿಮಾವ ಅವರು ಹೋಗುವಾಗ ಒಂದು, ಬರುವಾಗ ಎರಡು ಸಲ ಕೇಳಿದರಲ್ಲ, ಆ ಮೂರು ಸಲಕ್ಕೂ ರೇಡಿಯೋದಿಂದ ಲ್ಯೂಕ್‌ಗೆ ಬಂದಿದ್ದು ಸೊನ್ನೆ. ಬಂದಿದ್ದೆಲ್ಲ ಟ್ರೇಸಿ ಕಡೆಗೆ.

ಟೆನೆಸಿಮಾವ

ಹೌದಾ! ಹದಿನೆಂಟು ವರ್ಷದಿಂದ ಇಲ್ಲಿದ್ದೇನೆ. ಇದು ಗೊತ್ತಿರಲಿಲ್ಲ.

ಪಟ್ಟಿಪ್ರಿಯ

ಅಂದರೆ ಏರ್‌ಪ್ಲೇ ಪಟ್ಟಿಯ ಆ ಮೊದಲ ಸ್ಥಾನ ರೇಡಿಯೋ ಕಾಸಿನ ಲೆಕ್ಕದಲ್ಲಿ ಟ್ರೇಸಿ ಅವರದ್ದೇ. ಇದನ್ನು ನಾನೂ ಹೀಗೆ ಯೋಚಿಸಿರಲಿಲ್ಲ.

ಸುಮ್ನಿರಪ್ಪ

ಸರಿ ಮೇಡಂ. ದುಡ್ಡಿನ ಮಾತು ವಾಪಸ್ ತಗೊಂಡೆ. ಲ್ಯೂಕ್ ಪುಕ್ಕಟೆ ದುಡಿದರು ಅಂತಾಯಿತು.

ಕಪ್ಪುಕಾಫಿ

ಅಷ್ಟು ಮರುಗಬೇಡಿ. ಸ್ಟ್ರೀಮಿಂಗ್‌ನಲ್ಲಿ ರೆಕಾರ್ಡಿಂಗ್ ಪಾಲೇ ದೊಡ್ಡದು, ಅದು ಲ್ಯೂಕ್ ಮತ್ತು ಅವರ ಕಂಪನಿಗೆ. ಸ್ಟೇಡಿಯಂ ಟಿಕೆಟ್ಟೂ ಅವರದ್ದೇ. ಅನ್ನಕ್ಕೆ ತೊಂದರೆಯಿಲ್ಲ.

ದಾವಣಗೆರೆಬೆಣ್ಣೆ

ಮೇಡಂ, ನಮ್ಮಲ್ಲೂ ಹೀಗೆ ಮಾಡಬಹುದಾ? ನಾನೊಂದು ಹಳೇ ಹಾಡು ಹಾಡಿ ಹಾಕೋಣ ಅಂತಿದ್ದೆ.

ಕಪ್ಪುಕಾಫಿ

ನಮ್ಮ ಕಾನೂನಿನಲ್ಲೂ ದಾರಿ ಇದೆ, ಸ್ವಲ್ಪ ಇಕ್ಕಟ್ಟು. ಮೂಲ ಹಾಡು ಮೊದಲು ರೆಕಾರ್ಡ್ ಆದ ವರ್ಷ ಮುಗಿದು 5 ವರ್ಷ ಕಳೆದಿರಬೇಕು. ಮೊದಲೇ ತಿಳಿಸಬೇಕು, ಮುಂಗಡವಾಗಿ ರಾಯಲ್ಟಿ ಕಟ್ಟಬೇಕು, ಅದೂ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ. ಬಚ್ಚಲುಮನೆಯಲ್ಲಿ ಹಾಡಿದರೆ ಏನೂ ಇಲ್ಲ.

ಆರುತಂತಿ

ಅಕ್ಕ, ಒಂದು ಸೇರಿಸುತ್ತೇನೆ. ಸಿನಿಮಾ ಹಾಡಿಗೆ ಗಿಟಾರ್ ನುಡಿಸಿದ ನನ್ನಂಥವರಿಗೆ ಆ ದಿನದ ಸಂಬಳ ಬಿಟ್ಟರೆ ಎಲ್ಲೂ ಏನೂ ಇಲ್ಲ. ಅದೂ ಒಬ್ಬರು ಎರಡು ವರ್ಷದಿಂದ ಬಾಕಿ ಇಟ್ಟಿದ್ದಾರೆ. ಹೆಸರು ಬೇಡ. ಮುಂದುವರಿಸಿ.

ಟೆನೆಸಿಮಾವ

ಆ ಹಾಡು ಸಿಂಗಲ್ (ಆಲ್ಬಮ್ಮಿನಿಂದ ಬಿಡಿಯಾಗಿ ಬಿಡುವ ಹಾಡು) ಆಗಿದ್ದೇ ಒಂದು ಕಥೆ. 2023ರ ಮಾರ್ಚ್ 24ಕ್ಕೆ ಲ್ಯೂಕ್ ಅವರ ‘ಗೆಟಿನ್ ಓಲ್ಡ್’ ಆಲ್ಬಮ್ ಬಂತು. ಅದರಲ್ಲಿ 18 ಹಾಡು. ಇದು ಅವುಗಳ ನಡುವೆ ಒಂದು. ನಾಲ್ಕು ವರ್ಷದ ಹುಡುಗನಾಗಿದ್ದಾಗ ಅಪ್ಪನ ಟ್ರಕ್‌ನಲ್ಲಿ ಕೂತು ಕೇಳಿದ ಹಾಡು ಅಂತ ಅವರೇ ಹೇಳಿದ್ದಾರೆ. (ಟ್ರಕ್ ಅಂದ್ರೆ ಲಾರಿ ಅಲ್ಲ, ಪಿಕಪ್. ಊರಲ್ಲಿ ಹೇಳಿದರೆ ಎಲ್ಲರೂ ಅವರ ಅಪ್ಪ ಲಾರಿ ಡ್ರೈವರ್ ಅಂದುಕೊಳ್ಳುತ್ತಾರೆ.) ಜನ ಅದನ್ನೇ ಹುಡುಕಿ ಹುಡುಕಿ ಕೇಳಿದರು. ಆಮೇಲೆ ರೇಡಿಯೋ ಹಿಂದೆ ಬಂತು.

ಇವರಿಗೆ ರೇಡಿಯೋ ಹೊಸದೇನಲ್ಲ. ‘ಹರಿಕೇನ್’ ಇಂದ ಶುರುವಾಗಿ ಸಾಲಾಗಿ ಮೊದಲ ಸ್ಥಾನಗಳು. 2021, 2022 ಎರಡೂ ವರ್ಷ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ಅತಿ ದೊಡ್ಡ ಪ್ರಶಸ್ತಿ ಅವರಿಗೇ. ಅವರು ಏನು ಹಾಡಿದರೂ ಸ್ಟೇಷನ್‌ನವರು ಬಾಗಿಲು ತೆಗೆದಿಟ್ಟಿರುತ್ತಾರೆ.

ಸುಮ್ನಿರಪ್ಪ

ನಾನು ಕೇಳಿದ್ದೂ ಅದೇ ಬಾಗಿಲಿನ ಬಗ್ಗೆ ಅಲ್ವಾ? ಯಾರಿಗೆ ತೆಗೆಯುತ್ತಾರೆ, ಯಾರಿಗೆ ತೆಗೆಯುವುದಿಲ್ಲ?

ಹಳೇರೇಡಿಯೋ

ಆ ಬಾಗಿಲಿನ ಕಥೆ ಹಳೆಯದು ತಮ್ಮಾ. 1920ರ ದಶಕದಲ್ಲಿ ಅಮೆರಿಕದ ರೆಕಾರ್ಡ್ ಕಂಪನಿಗಳು ಕಪ್ಪು ಜನರ ಹಾಡಿಗೆ ಒಂದು ಪಟ್ಟಿ, ಬಿಳಿ ಹಳ್ಳಿಗರ ಹಾಡಿಗೆ ಇನ್ನೊಂದು ಪಟ್ಟಿ ಅಂತ ಮಾಡಿ ಮಾರಿದವು. ಹಾಡುವವರು ಒಬ್ಬರಿಂದೊಬ್ಬರು ಕಲಿಯುತ್ತಲೇ ಇದ್ದರು. ಬ್ಯಾಂಜೊ ಅನ್ನುವ ತಂತಿವಾದ್ಯದ ಬೇರು ಆಫ್ರಿಕಾದ್ದು. ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಓಪ್ರಿ ಅನ್ನುವ ಕಂಟ್ರಿ ರೇಡಿಯೋ ಕಾರ್ಯಕ್ರಮದ ಮೊದಲ ತಾರೆಗಳಲ್ಲಿ ಒಬ್ಬರು ಡಿಫೋರ್ಡ್ ಬೇಲಿ, ಮೌತ್ ಆರ್ಗನ್ ನುಡಿಸುತ್ತಿದ್ದ ಕಪ್ಪು ಮನುಷ್ಯ. 1941ರಲ್ಲಿ ಅವರನ್ನು ಅಲ್ಲಿಂದ ಕಳಿಸಿಬಿಟ್ಟರು. ಕಪ್ಪು ಕಂಟ್ರಿ ಗಾಯಕ ಚಾರ್ಲಿ ಪ್ರೈಡ್ ಅವರ ಮೊದಲ ರೆಕಾರ್ಡು 1966ರಲ್ಲಿ ರೇಡಿಯೋ ಸ್ಟೇಷನ್‌ಗಳಿಗೆ ಹೋದಾಗ ಜೊತೆಗೆ ಫೋಟೋ ಇಟ್ಟಿರಲಿಲ್ಲ. ದನಿ ಮೆಚ್ಚಲಿ, ಮುಖ ಆಮೇಲೆ ಅಂತ. ಆಮೇಲೆ 29 ಸಲ ಮೊದಲ ಸ್ಥಾನಕ್ಕೆ ಬಂದರು ಆ ಪುಣ್ಯಾತ್ಮ.

ಪಟ್ಟಿಪ್ರಿಯ

ಇದಕ್ಕೆ ನನ್ನದೊಂದು ಚೂರು. ಬಿಲ್‌ಬೋರ್ಡ್ ಮೊದಲ ಕಂಟ್ರಿ ಪಟ್ಟಿ ತಂದಿದ್ದು 1944ರ ಜನವರಿಯಲ್ಲಿ. ಆಗ ಅದರ ಹೆಸರಿನಲ್ಲಿ ‘ಕಂಟ್ರಿ’ ಇಲ್ಲ, ‘ಫೋಕ್’ ಅಂತ ಇತ್ತು. ಜ್ಯೂಕ್‌ಬಾಕ್ಸ್‌ಗೆ ಕಾಸು ಹಾಕಿ ಜನ ಯಾವುದು ಜಾಸ್ತಿ ಕೇಳಿದರು ಅನ್ನುವ ಲೆಕ್ಕ. ಆ ಮೊದಲ ವರ್ಷದಲ್ಲೇ ಲೂಯಿ ಜೋರ್ಡನ್ ಮತ್ತು ನ್ಯಾಟ್ ಕಿಂಗ್ ಕೋಲ್ ಮೊದಲ ಸ್ಥಾನಕ್ಕೆ ಬಂದಿದ್ದರು. ಇಬ್ಬರೂ ಕಪ್ಪು ಗಾಯಕರು. ಅಂದರೆ ಪಟ್ಟಿ ಹುಟ್ಟಿದಾಗ ಜ್ಯೂಕ್‌ಬಾಕ್ಸ್ ಮುಂದೆ ನಿಂತವರು ಇದು ಕಂಟ್ರಿಯೋ ಅಲ್ಲವೋ ಅಂತ ಕೇಳುತ್ತಿರಲಿಲ್ಲ. ಕಾಸು ಹಾಕಿ ಗುಂಡಿ ಒತ್ತುತ್ತಿದ್ದರು.

ಆ ಪ್ರಶ್ನೆ ಕೇಳಲು ಶುರು ಮಾಡಿದ ಮೇಲೆ ಫಜೀತಿ. 2019ರ ಮಾರ್ಚ್‌ನಲ್ಲಿ ಲಿಲ್ ನ್ಯಾಸ್ ಎಕ್ಸ್ ಅವರ ‘ಓಲ್ಡ್ ಟೌನ್ ರೋಡ್’ ಹಾಟ್ ಕಂಟ್ರಿ ಸಾಂಗ್ಸ್‌ಗೆ ಬಂದಿತ್ತು. ಇದರಲ್ಲಿ ಈಗಿನ ಕಂಟ್ರಿಯ ಅಂಶ ಸಾಲದು ಅಂತ ಬಿಲ್‌ಬೋರ್ಡ್‌ನವರೇ ತೆಗೆದುಹಾಕಿದರು. ಹಾಡು ಹೋಗಿ ಹಾಟ್ 100ರ ತಲೆಯ ಮೇಲೆ 19 ವಾರ ಕೂತಿತು. ಬಾಡಿಗೆ ಮನೆಯಿಂದ ಓಡಿಸಿದವನು ಊರ ಮಧ್ಯೆ ಬಂಗಲೆ ಕಟ್ಟಿಸಿದ ಹಾಗೆ.

2024ರ ಫೆಬ್ರವರಿಯಲ್ಲಿ ಬಿಯಾನ್ಸೆ ಅವರ ‘ಟೆಕ್ಸಸ್ ಹೋಲ್ಡ್ ಎಮ್’ ಹಾಟ್ ಕಂಟ್ರಿ ಸಾಂಗ್ಸ್‌ನಲ್ಲಿ ನೇರ ಮೊದಲ ಸ್ಥಾನಕ್ಕೇ ಬಂತು. ಕಪ್ಪು ಗಾಯಕಿಯೊಬ್ಬರು ಆ ಪಟ್ಟಿಯ ತುದಿ ಮುಟ್ಟಿದ್ದು ಅದೇ ಮೊದಲು. ಅದೇ ಹಾಡು ಕಂಟ್ರಿ ಏರ್‌ಪ್ಲೇಯಲ್ಲಿ ಮೊದಲ 30ರ ಒಳಗೂ ಬರಲಿಲ್ಲ. ಕೇಳುವವರು ಹೌದು ಅಂದರು, ರೇಡಿಯೋ ಆಮೇಲೆ ನೋಡೋಣ ಅಂದಿತು. ಸುಮ್ನಿರಪ್ಪ ಅವರೇ, ನಿಮ್ಮ ಬಾಗಿಲು ಅಲ್ಲಿದೆ.

ಟೆನೆಸಿಮಾವ

ಒಂದು ಮಾತು ನ್ಯಾಯಕ್ಕೆ. ಅದೇ ವರ್ಷ ಶಾಬೂಜಿ ಅವರ ‘ಎ ಬಾರ್ ಸಾಂಗ್’ ಏರ್‌ಪ್ಲೇಯಲ್ಲೂ ಮೊದಲ ಸ್ಥಾನಕ್ಕೆ ಬಂತು, ಹಾಟ್ 100ರಲ್ಲೂ 19 ವಾರ ಮೊದಲ ಸ್ಥಾನದಲ್ಲೇ ನಿಂತಿತು. ಅವರೂ ಕಪ್ಪು ಗಾಯಕರೇ. ಬಾಗಿಲು ಪೂರಾ ಮುಚ್ಚಿದೆ ಅನ್ನಲಾಗದು. ಕಿರ್ ಅನ್ನುತ್ತಾ ತೆಗೆಯುತ್ತದೆ.

ಮತ್ತೆ 2023ರ ಬೇಸಿಗೆಯ ಇನ್ನೊಂದು ಮುಖವೂ ನೆನಪಿರಲಿ. ಆಗಸ್ಟ್ 5ರ ಹಾಟ್ 100ರಲ್ಲಿ ಮೊದಲ ಮೂರೂ ಕಂಟ್ರಿ ಹಾಡು. ಜೇಸನ್ ಆಲ್ಡೀನ್, ಮಾರ್ಗನ್ ವಾಲೆನ್, ಮೂರನೆಯದು ನಮ್ಮ ‘ಫಾಸ್ಟ್ ಕಾರ್’. ಆ ಪಟ್ಟಿಯ ಇತಿಹಾಸದಲ್ಲೇ ಹಾಗೆ ಎಂದೂ ಆಗಿರಲಿಲ್ಲ. ಆಲ್ಡೀನ್ ಹಾಡಿನ ವಿಡಿಯೋ ಬಗ್ಗೆ ಇಲ್ಲಿ ಊರೆಲ್ಲ ಕಿತ್ತಾಟ. ಆಫೀಸಿನ ಕ್ಯಾಂಟೀನಿನಲ್ಲಿ ಒಂದು ಟೇಬಲ್ ಆ ಕಡೆ, ಒಂದು ಟೇಬಲ್ ಈ ಕಡೆ. ‘ಫಾಸ್ಟ್ ಕಾರ್’ ಬಂದಾಗ ಮಾತ್ರ ಎರಡೂ ಟೇಬಲ್‌ನವರು ಹಾಡುತ್ತಿದ್ದರು. ನನ್ನ ಕಣ್ಣಾರೆ ಕಂಡಿದ್ದು.

ಕಪ್ಪುಕಾಫಿ

ಮೂಲ ಜಗಳಕ್ಕೆ ಬರೋಣ. ಖಾಲಿಕ್ಯಾಸೆಟ್ ಅವರೇ, ನಿಮಗೂ ನಿಮ್ಮ ಮನೆಯವರಿಗೂ ತೀರ್ಪು 2023ರ ನವೆಂಬರ್ 8ಕ್ಕೇ ಬಂದಿದೆ.

ಅವತ್ತು ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ಪ್ರಶಸ್ತಿ ಸಮಾರಂಭ. ಅವರಲ್ಲಿ ಎರಡು ಬೇರೆ ಬೇರೆ ಪ್ರಶಸ್ತಿ. ವರ್ಷದ ಸಿಂಗಲ್ ಅಂತ ಒಂದು. ಅದು ರೆಕಾರ್ಡಿಂಗ್‌ಗೆ, ಹಾಡಿದವರಿಗೆ. ವರ್ಷದ ಹಾಡು ಅಂತ ಇನ್ನೊಂದು. ಅದು ಬರೆದವರಿಗೆ. ಸಿಂಗಲ್ ಲ್ಯೂಕ್‌ಗೆ ಹೋಯಿತು. ಹಾಡು ಟ್ರೇಸಿಗೆ ಹೋಯಿತು. ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ಗೀತರಚನೆಕಾರರು ಅವರು. ಬಂದಿರಲಿಲ್ಲ. ಸಂದೇಶ ಕಳಿಸಿದ್ದರು.

‘ಲ್ಯೂಕ್ ಹಿಟ್’ ಅಂದರೆ ನೀವು ಸರಿ. ‘ಟ್ರೇಸಿ ಹಾಡು’ ಅಂದರೆ ಅವರು ಸರಿ. ನೀವು ಅಂದಿದ್ದು ‘ಲ್ಯೂಕ್ ಹಾಡು’. ಸೋತಿರಿ.

ದಾವಣಗೆರೆಬೆಣ್ಣೆ

ನಾನು ಮೊದಲನೇ ಕಾಮೆಂಟಿನಲ್ಲೇ ಹೇಳಿದ್ದೆ.

ಖಾಲಿಕ್ಯಾಸೆಟ್

ಒಪ್ಪಿಕೊಂಡೆ. ಶಿಕ್ಷೆಯಾಗಿ ಈ ವಾರವಿಡೀ ಪಾತ್ರೆ ನನ್ನದು.

ಒಂದೇ ಒಂದು ಮಾತು ಉಳಿದಿದೆ. 2024ರ ಫೆಬ್ರವರಿ 4ರ ಗ್ರ್ಯಾಮಿ ಸಂಗೀತ ಪ್ರಶಸ್ತಿ ಸಮಾರಂಭವನ್ನು ನಾವಿಬ್ಬರೂ ಸೋಫಾದಲ್ಲಿ ಕೂತು ನೋಡಿದ್ದೆವು. ಮೊದಲು ಗಿಟಾರ್ ಮೇಲಿನ ಕೈಬೆರಳು ಮಾತ್ರ ತೋರಿಸಿದರು. ಆ ಸುತ್ತು ಶುರುವಾಯಿತು. ಆಮೇಲೆ ಕ್ಯಾಮೆರಾ ಮೇಲೆ ಬಂದರೆ ಟ್ರೇಸಿ! ಕೂದಲು ಬೆಳ್ಳಗಾಗಿತ್ತು. ಮುಖದಲ್ಲಿ ನಗು. ಅವರು ಹಾಡುವಾಗ ಲ್ಯೂಕ್ ಪಕ್ಕದಲ್ಲಿ ನಿಂತು ಸದ್ದಿಲ್ಲದೆ ಮಾತುಗಳಿಗೆ ತುಟಿ ಆಡಿಸುತ್ತಿದ್ದರು. ಅಪ್ಪನ ಟ್ರಕ್ಕಿನ ಹುಡುಗನೇ. ಮುಗಿದ ಮೇಲೆ ಅವರಿಗೆ ಬಾಗಿ ನಮಸ್ಕಾರ ಮಾಡಿದರು. ಅವತ್ತು ನಾವಿಬ್ಬರೂ ಜಗಳವಾಡಲಿಲ್ಲ.

ಪಟ್ಟಿಪ್ರಿಯ

ಆ ರಾತ್ರಿ ಲ್ಯೂಕ್‌ಗೆ ಗ್ರ್ಯಾಮಿ ಸಿಗಲಿಲ್ಲ, ಕ್ರಿಸ್ ಸ್ಟೇಪಲ್ಟನ್‌ಗೆ ಹೋಯಿತು. ಆದರೆ ಟ್ರೇಸಿ ಅವರ 1988ರ ರೆಕಾರ್ಡಿಂಗ್ ಐಟ್ಯೂನ್ಸ್‌ನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು, ಹಾಟ್ 100ಕ್ಕೂ ವಾಪಸ್ ಬಂತು. ಕೊನೆಯ ಆಲ್ಬಮ್ 2008ರಲ್ಲಿ, ಕೊನೆಯ ಪ್ರವಾಸ 2009ರಲ್ಲಿ ಮಾಡಿ ಸುಮ್ಮನಿದ್ದವರ ಹಾಡು.

ಸುಮ್ನಿರಪ್ಪ

ಎರಡನ್ನೂ ಒಂದಾದ ಮೇಲೊಂದು ಮತ್ತೆ ಕೇಳಿದೆ. ಕ್ಯಾರಿಯೋಕೆ ಅನ್ನುವ ಪದ ವಾಪಸ್. ಆದರೆ ಕೊನೆಯ ಸಲ ಅವನಿಗೆ ಹೊರಡು ಅನ್ನುವಾಗ ಟ್ರೇಸಿ ದನಿಯಲ್ಲಿ ಸುಸ್ತು ಇದೆ. ಲ್ಯೂಕ್ ದನಿಯಲ್ಲಿ ಬೇಜಾರಿದೆ. ನನಗೆ ಆ ಸುಸ್ತೇ ಬೇಕು.

ಹಳೇರೇಡಿಯೋ

ನಿಮ್ಮ ಮಾತು ಕೇಳಿ ಇವತ್ತು ಅಟ್ಟದಿಂದ ಆ ಕ್ಯಾಸೆಟ್ ಇಳಿಸಿದೆ. ಮೊದಲ ಬದಿಯ ಎರಡನೇ ಹಾಡು. ಟೇಪು ಸಡಿಲಾಗಿತ್ತು, ಪೆನ್ಸಿಲ್ ತೂರಿಸಿ ಸುತ್ತಿದೆ. ಪ್ಲೇಯರ್‌ಗೆ ಹಾಕಿ ಗುಂಡಿ ಒತ್ತಿದರೆ ಮೋಟಾರ್ ಗುಂಯ್ ಅನ್ನುತ್ತದೆ, ಚಕ್ರ ತಿರುಗುವುದಿಲ್ಲ. ಬೆಲ್ಟ್ ಕರಗಿ ಅಂಟು ಅಂಟಾಗಿದೆ. ಹುಬ್ಬಳ್ಳಿ ಕಡೆ ಯಾರಾದರೂ ಇನ್ನೂ ಇದನ್ನು ರಿಪೇರಿ ಮಾಡುತ್ತಾರಾ?

ಆರುತಂತಿ

ಸರ್, ಬೆಲ್ಟ್ ನನ್ನ ಹತ್ತಿರ ನಾಲ್ಕೈದು ಅಳತೆಯವು ಇವೆ. ಹಳೆಯದನ್ನು ಸ್ಪಿರಿಟ್ ಹಚ್ಚಿ ಒರೆಸಿ ತೆಗೆಯಿರಿ, ಕೈಗೆ ಅಂಟಿದರೆ ಮೂರು ದಿನ ಹೋಗುವುದಿಲ್ಲ. ಎರಡು ಚಕ್ರದ ಸುತ್ತ ದಾರ ಕಟ್ಟಿ ಅಳೆದು, ಎಷ್ಟು ಉದ್ದ ಅಂತ ಮೆಸೇಜ್ ಹಾಕಿ. ಭಾನುವಾರ ನನ್ನ ಭಾವ ಮೈಸೂರಿನಿಂದ ಹುಬ್ಬಳ್ಳಿಗೆ ಬರುತ್ತಿದ್ದಾರೆ, ಅವರ ಕೈಲಿ ಕಳಿಸುತ್ತೇನೆ.